ಯಾರ ಕೈಯ ರೊಟ್ಟಿ

ಕೊಪ್ಪಳ ಸೀಮೆಯಲ್ಲಿ ಚೆನ್ನಾಗಿ ಉಣ್ಣಬೇಕೆಂದರೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ಬರುವ ಉತ್ತರ ಒಂದೇ ಅಲ್ಲ. ನಾಲಿಗೆಯ ಮಾತು ಕೇಳುವವರು ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯ ದಾರಿ ಹೇಳುತ್ತಾರೆ: ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬೆಳಿಗ್ಗೆಯೇ ಹಸಿದವರಿಗೆ ಒಗ್ಗರಣಿ-ಮಿರ್ಚಿಯ ಹೋಟೆಲು. ಮಂಡಕ್ಕಿಯನ್ನು ನೀರಿಗೆ ಹಾಕಿ, ಮೆತ್ತಗಾಗುವ ಮುಂಚೆಯೇ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ, ಹುಣಸೆ ಹುಳಿಯ ಒಗ್ಗರಣೆಗೆ ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಬದಿಗೆ ಎರಡು ಮಿರ್ಚಿ ಇಟ್ಟು ಕೊಟ್ಟರೆ ಅದಕ್ಕಿಂತ ಮಿಗಿಲಾದ ನಾಷ್ಟಾ ಈ ಸೀಮೆಯಲ್ಲೇ ಇಲ್ಲ ಎನ್ನುವವರುಂಟು. ಆದರೆ ಹಳ್ಳಿಗಳಲ್ಲಿ ಕೇಳಿದರೆ ಬಹಳಷ್ಟು ಜನ ಇವೆರಡನ್ನೂ ಬಿಟ್ಟು ‘ಅಜ್ಜನ ಜಾತ್ರಿಗೆ ಬರ್ರಿ, ಪ್ರಸಾದ ಮಾಡ್ರಿ’ ಎನ್ನುತ್ತಾರೆ. ಅಜ್ಜನ ಜಾತ್ರೆ, ಅಂದರೆ ಕೊಪ್ಪಳದ ಗವಿಮಠದ ಜಾತ್ರೆಯ ಊಟದ ರುಚಿಯನ್ನು ಅವರು ಹೊಗಳುವುದು ಕಡಿಮೆ. ಅಲ್ಲಿ ಉಂಡದ್ದನ್ನು ಮಾತ್ರ ಮರೆಯುವುದಿಲ್ಲ. ಹಾಗಾದರೆ ಒಳ್ಳೆಯ ಊಟದ ಒಳ್ಳೆಯತನ ಇರುವುದೆಲ್ಲಿ? ತಟ್ಟೆಯಲ್ಲೇ, ಬಡಿಸುವವರ ಮನಸ್ಸಿನಲ್ಲೇ, ಕೂತ ಪಂಕ್ತಿಯಲ್ಲೇ? ಉಣ್ಣುವವನು ತಾನು ಯಾರೆಂದು ಹೇಳಬೇಕಿಲ್ಲದ ಮತ್ತು ಬೇಯಿಸಿದವರು ಯಾರೆಂದು ಅವನೂ ಕೇಳದ ಕಡೆಯಲ್ಲೇ ಊಟ ಒಳ್ಳೆಯದಾಗುತ್ತದೆ ಎಂಬುದು ನನ್ನ ವಾದ. ಮೊದಲ ಅರ್ಧವನ್ನು ಎಲ್ಲರೂ ಒಪ್ಪುತ್ತಾರೆ. ತಕರಾರು ಇರುವುದು ಎರಡನೆಯ ಅರ್ಧದಲ್ಲಿ.

ಈ ತಕರಾರಿಗೆ ಶರಣ ಪರಂಪರೆಯಲ್ಲಿ ಒಂದು ಹಳೆಯ ಕತೆಯೇ ಉತ್ತರವಾಗಿದೆ. ಕರಿಕಾಲ ಚೋಳ ದಿನವೂ ಶಿವನಿಗೆ ರಾಜಭೋಗದ ಎಡೆ ಇಡುತ್ತಾನೆ. ಅವನ ಕುದುರೆಗೆ ಹುಲ್ಲು ತರುವ ಮಾದಾರ ಚೆನ್ನಯ್ಯ ಯಾರಿಗೂ ಕಾಣದಂತೆ ಅಂಬಲಿ ಕಾಸಿ ಎಡೆ ಇಡುತ್ತಾನೆ. ಶಿವ ಉಣ್ಣುವುದು ಚೆನ್ನಯ್ಯನ ಅಂಬಲಿಯನ್ನು. ಬಡವನ ಭಕ್ತಿ ದೊಡ್ಡದು ಎಂಬುದಕ್ಕೆ ಈ ಕತೆಯನ್ನು ಸಾಮಾನ್ಯವಾಗಿ ಹೇಳುತ್ತೇವೆ. ಅದು ಕತೆಯ ಮೊನೆಯನ್ನು ಮೊಂಡು ಮಾಡಿದಂತೆ. ಚೆನ್ನಯ್ಯ ಶಿವನಿಗೆ ಹೂವು ಕೊಡಲಿಲ್ಲ, ಹಸಿ ಧಾನ್ಯ ಕೊಡಲಿಲ್ಲ. ತನ್ನ ಒಲೆಯ ಮೇಲೆ, ತನ್ನ ಗಡಿಗೆಯಲ್ಲಿ ಬೇಯಿಸಿದ್ದನ್ನು ಕೊಟ್ಟ. ಜಾತಿಯ ಲೆಕ್ಕದಲ್ಲಿ ಇವೆರಡರ ನಡುವೆ ಭೂಮಿ-ಆಕಾಶದ ಅಂತರವಿದೆ. ಅಕ್ಕಿ, ಬೇಳೆ, ಬೆಲ್ಲದ ಸ್ವಯಂಪಾಕವನ್ನು ಯಾರಿಂದಲೂ ತೆಗೆದುಕೊಳ್ಳಬಹುದು. ನೀರು ಮತ್ತು ಬೆಂಕಿ ಮುಟ್ಟಿದ ಮೇಲೆ ಅದು ಅಡುಗೆ. ಆಗ ಕೈ ಯಾರದು ಎಂಬ ಪ್ರಶ್ನೆ ಏಳುತ್ತದೆ. ಶರಣರು ಐದು ಸೂತಕಗಳನ್ನು ಅಲ್ಲಗಳೆದಾಗ ಅವುಗಳಲ್ಲಿ ಜಾತಿಯ ಸೂತಕವೂ ಎಂಜಲಿನ ಸೂತಕವೂ ಇದ್ದುದು ಆಕಸ್ಮಿಕವಲ್ಲ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಪ್ರಸಾದ ಎಂದರೆ ಆ ಪ್ರಶ್ನೆಯೇ ಬಿದ್ದುಹೋದ ಅನ್ನ.

ಗವಿಮಠ ನಿಂತಿರುವ ಬೆಟ್ಟಕ್ಕೆ ಈ ಚರ್ಚೆ ಹೊಸದಲ್ಲ. ಮಠದ ಬಳಿಯ ಬಂಡೆಯ ಮೇಲೆ ಅಶೋಕನ ಕಿರು ಶಾಸನವಿದೆ, ಸ್ವಲ್ಪ ಆಚೆ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಪ್ರಯತ್ನಪಟ್ಟರೆ ಸ್ವರ್ಗ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಮಾತಿನ ಸಾರ. ಮುಂದೆ ಈ ಊರು ಕೊಪಣವೆಂಬ ಹೆಸರಿನ ಜೈನ ಮಹಾತೀರ್ಥವಾಯಿತು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಇದೂ ಒಂದು. ಇಲ್ಲಿಗೆ ಬಂದ ಜೈನ ಸಾಧಕರು ಅನ್ನ ಬಿಟ್ಟು ಸಲ್ಲೇಖನದಿಂದ ದೇಹ ತೊರೆದರು. ನಿಸಿದಿಗೆ ಶಾಸನಗಳು ಅದನ್ನು ಹೇಳುತ್ತವೆ. ಉಣ್ಣದಿರುವುದೇ ಪರಮ ಧರ್ಮವೆಂದು ಬಂದವರ ಬೆಟ್ಟದಲ್ಲಿ ಉಣಿಸುವುದೇ ಧರ್ಮವೆಂಬ ಮಠ ತಲೆಯೆತ್ತಿತು. ಇವೆರಡೂ ಎದುರುಬದುರು ಎಂದು ತೋರುತ್ತದೆ, ನನಗೆ ಹಾಗನಿಸುವುದಿಲ್ಲ. ಸಲ್ಲೇಖನ ಕೈಗೊಂಡವನಿಗೂ ದಾಸೋಹ ನಡೆಸುವವನಿಗೂ ಅನ್ನ ಬರೀ ಹೊಟ್ಟೆಪಾಡಲ್ಲ. ಒಬ್ಬ ಅನ್ನದಿಂದ ಬರುವ ಬಂಧನವನ್ನು ಕಳಚಿಕೊಳ್ಳುತ್ತಾನೆ, ಇನ್ನೊಬ್ಬ ಅದೇ ಅನ್ನದಿಂದ ಬೇಕೆಂದೇ ಬಂಧನ ಕಟ್ಟಿಕೊಳ್ಳುತ್ತಾನೆ, ಅದೂ ಗುರುತಿಲ್ಲದವರ ಜೊತೆ.

ಆ ಬಂಧನ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತಿಳಿಯಲು ಜಿಲ್ಲೆಯ ನೆಲ ನೋಡಬೇಕು. ಒಂದೇ ಜಿಲ್ಲೆ, ಎರಡು ನಾಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ರೈಸ್ ಮಿಲ್ಲುಗಳು ಎದ್ದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಬೆಳೆದವು. ಕುಷ್ಟಗಿ, ಯಲಬುರ್ಗಾ ಮಾತ್ರ ಮಳೆಯನ್ನೇ ನಂಬಿದ ಎರಿ ಮತ್ತು ಮಸಾರಿ ಹೊಲಗಳಾಗಿ ಉಳಿದವು. ಮುಂಗಾರಿಗೆ ಸಜ್ಜೆ, ಹೆಸರು, ಶೇಂಗಾ. ಹಿಂಗಾರಿಗೆ ಜೋಳ, ಕಡಲೆ. ಮಳೆ ಕೈಕೊಟ್ಟ ವರ್ಷ ಗುಳೆ: ಗೋವಾ, ಮಂಗಳೂರು, ಬೆಂಗಳೂರು. ಆ ಪ್ರಯಾಣದ ಗಂಟಿನಲ್ಲಿ ಖಡಕ್ ರೊಟ್ಟಿ, ಹಿಂಡಿ ಇರುತ್ತವೆ, ಏಕೆಂದರೆ ಅವು ವಾರಗಟ್ಟಲೆ ಕೆಡುವುದಿಲ್ಲ. ಎಸರು ಹಾಕಿ ನಾದಿದ ಹಿಟ್ಟನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಿ, ಕೆಂಡದ ಕಾವಿಗೆ ಒರಗಿಸಿ, ಬಟ್ಟೆಯುಂಡೆಯಿಂದ ಅಲ್ಲಲ್ಲಿ ಒತ್ತುತ್ತ ನೀರಿನಂಶವೆಲ್ಲ ಆರುವವರೆಗೆ ಬಿಟ್ಟರೆ ರೊಟ್ಟಿ ಹಪ್ಪಳದಂತೆ ಸದ್ದು ಮಾಡುತ್ತದೆ. ಬರದ ನಾಡಿನ ಈ ಜಾಣತನವೇ ಜಾತ್ರೆಯ ಮಹಾದಾಸೋಹಕ್ಕೆ ಬುನಾದಿ. ಅನ್ನವನ್ನು ಉಣ್ಣುವ ಜಾಗದಲ್ಲೇ, ಉಣ್ಣುವ ಹೊತ್ತಿಗೇ ಬೇಯಿಸಬೇಕು. ರೊಟ್ಟಿಯನ್ನು ಎಷ್ಟೋ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ವಾರ ಮೊದಲೇ ಬಡಿದಿಡಬಹುದು.

ಜನವರಿಯ ಆಸುಪಾಸು, ಪುಷ್ಯ ಬಹುಳ ಬಿದಿಗೆಯ ತೇರಿನ ಹೊತ್ತಿಗೆ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ, ತಲೆಯ ಮೇಲಿನ ಬುಟ್ಟಿಯಲ್ಲಿ ಆ ರೊಟ್ಟಿ ಮಠಕ್ಕೆ ಬರುತ್ತದೆ. ಲೆಕ್ಕ ಲಕ್ಷಗಳಲ್ಲಿ. ಜೊತೆಗೆ ದವಸ, ತರಕಾರಿ, ಕಟ್ಟಿಗೆ, ಮಾದಲಿ. ಅಮಾವಾಸ್ಯೆಯವರೆಗೆ ಪಂಕ್ತಿ ನಿಲ್ಲುವುದಿಲ್ಲ. ಪಂಕ್ತಿಯ ಉದ್ದವನ್ನು, ಕೊಪ್ಪರಿಗೆಯ ಗಾತ್ರವನ್ನು, ಆ ವರ್ಷ ಯಾವ ಸಿಹಿ ಎಷ್ಟು ಮಾಡಿದರು ಎಂಬುದನ್ನು ಪತ್ರಿಕೆಗಳು ಬರೆಯುತ್ತವೆ. ಟಿವಿಯವರು ಮಿರ್ಚಿ ಕರಿಯುವ ಬಾಣಲೆಗಳ ಸಾಲನ್ನು ತೋರಿಸುತ್ತಾರೆ. ನನಗೆ ದೊಡ್ಡದೆನಿಸುವುದು ರೊಟ್ಟಿಯ ಗುಡ್ಡೆ. ಜಾತಿಭೇದವಿಲ್ಲದೆ ಎಲ್ಲರನ್ನೂ ಕೂಡಿಸಿ ಉಣಿಸುವ ಜಾಗಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಆದರೆ ಹೆಚ್ಚಿನ ಕಡೆ ಭಕ್ತರಿಂದ ಅಕ್ಕಿ-ಬೇಳೆ ಬರುತ್ತದೆ, ಬೇಯಿಸುವುದು ಗೊತ್ತುಮಾಡಿದ ಬಾಣಸಿಗರು. ಅಲ್ಲಿ ಉಣ್ಣುವವನ ಜಾತಿ ಅಳಿಯಬಹುದು, ಅಡುಗೆಯವನ ಜಾತಿ ಉಳಿದಿರುತ್ತದೆ. ಕಟ್ಟಾ ಸಂಪ್ರದಾಯಸ್ಥನೂ ಮುಜುಗರವಿಲ್ಲದೆ ಉಂಡೇಳಬಹುದು. ಕೊಪ್ಪಳದ ಗುಡ್ಡೆಯಲ್ಲಿ ಬಿದ್ದ ರೊಟ್ಟಿಗೆ ಮನೆಯ ಗುರುತಿಲ್ಲ. ಅದು ಬೆಂದ ಅಡುಗೆ. ನಿಮ್ಮ ಎಲೆಗೆ ಬಿದ್ದ ಸಜ್ಜೆ ರೊಟ್ಟಿಯನ್ನು ಬಡಿದವಳು ಗೌಡರ ಮನೆಯವಳೋ, ಕುರುಬರ ಓಣಿಯವಳೋ, ಮುಸಲ್ಮಾನರ ಮನೆಯವಳೋ, ಊರಾಚೆಯ ಕೇರಿಯವಳೋ ಹೇಳಲು ಬ್ರಹ್ಮನಿಂದಲೂ ಆಗದು. ಹೇಳಬಹುದಾದದ್ದು ಇಷ್ಟೇ: ಇದು ಕೈ ಪಳಗಿದವಳದು, ಇದು ಹೊಸದಾಗಿ ಕಲಿತವಳದು, ಎಳ್ಳು ಹಚ್ಚಿದವಳು ಧಾರಾಳಿ.

ಇದನ್ನು ಖಾನಾವಳಿಯ ಜೊತೆ ಇಟ್ಟು ನೋಡಬೇಕು. ಉತ್ತರ ಕರ್ನಾಟಕದ ಯಾವ ಪೇಟೆಗೆ ಹೋದರೂ ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡು ಕಾಣುತ್ತದೆ. ಊಟ ಸೊಗಸಾಗಿಯೇ ಇರುತ್ತದೆ, ಒಳಗೆ ಹೋದವರನ್ನು ಇವತ್ತು ಯಾರೂ ಜಾತಿ ಕೇಳುವುದಿಲ್ಲ, ಮಾಲೀಕರ ಮನಸ್ಸಿನಲ್ಲಿ ಅದು ‘ಇಲ್ಲಿ ಸಸ್ಯಾಹಾರ’ ಎಂಬ ಸೂಚನೆ ಅಷ್ಟೇ. ಆದರೂ ಚೆನ್ನಯ್ಯನ ಅಂಬಲಿಯನ್ನು ತಲೆಯ ಮೇಲೆ ಹೊತ್ತ ಧರ್ಮದ ಹೆಸರು, ಅಡುಗೆಮನೆಯಲ್ಲಿ ಯಾರ ಕೈ ಇದೆ ಎಂಬ ಭರವಸೆ ಕೊಡುವ ಬೋರ್ಡಾದದ್ದು ಚರಿತ್ರೆಯ ವ್ಯಂಗ್ಯ. ಒಂದೇ ಪರಂಪರೆ ಗುಡ್ಡೆಯನ್ನೂ ಒಟ್ಟಿತು, ಬೋರ್ಡನ್ನೂ ಬರೆಸಿತು.

ಇನ್ನು ಆಕ್ಷೇಪಗಳು. ಪುಕ್ಕಟೆ ಊಟ ಜನರನ್ನು ಸೋಮಾರಿ ಮಾಡುತ್ತದೆ ಎಂಬುದು ಮೊದಲನೆಯದು, ಹುರುಳಿಲ್ಲದ್ದು. ವರ್ಷಕ್ಕೆ ಹದಿನೈದು ದಿನ ಉಂಡು ಯಾರೂ ಹೊಲ ಪಾಳು ಬಿಟ್ಟ ಸುದ್ದಿಯಿಲ್ಲ. ಅಲ್ಲಿ ಉಣ್ಣುವವರಲ್ಲಿ ಬಹುಪಾಲು ಜನ ರೊಟ್ಟಿ ಕೊಟ್ಟವರೇ. ಎರಡನೆಯದು ತೂಕದ್ದು: ಇಷ್ಟೊಂದು ಒಟ್ಟುವುದು, ಲಕ್ಷ ಲಕ್ಷ ಎಂದು ಎಣಿಸುವುದು ದಾಸೋಹವೋ, ಮೆರೆದಾಟವೋ? ಈ ಪ್ರಶ್ನೆಯನ್ನು ಮೊದಲು ಕೇಳಿದವಳು ಪಕ್ಕದ ಸೀಮೆಯವಳೇ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ರೂಢಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಇಡಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು. ಹಂಚುವುದಕ್ಕೆಂದೇ ತಂದದ್ದಾದರೂ ಆಸೆ ಆಸೆಯೇ ಎಂಬುದು ಅವಳ ತರ್ಕ. ದಾನಕ್ಕೂ ದಾಸೋಹಕ್ಕೂ ಇರುವ ಗೆರೆ ಇದು. ದಾನದಲ್ಲಿ ಕೊಟ್ಟವನು ದೊಡ್ಡವನಾಗುತ್ತಾನೆ, ದಾಸೋಹದಲ್ಲಿ ಕೊಟ್ಟವನು ಕಾಣದಂತಾಗಬೇಕು. ಈ ಒರೆಗೆ ಹಚ್ಚಿದರೆ ಮೂಟೆಗಟ್ಟಲೆ ಸಕ್ಕರೆ ಕೊಟ್ಟು ಫ್ಲೆಕ್ಸ್ ಹಾಕಿಸಿಕೊಳ್ಳುವವರ ಕಾಣಿಕೆ ದಾನವೇ ಹೊರತು ದಾಸೋಹವಲ್ಲ, ಒಪ್ಪುತ್ತೇನೆ. ಹತ್ತು ರೊಟ್ಟಿ ಕೊಟ್ಟವಳ ಹೆಸರು ಮಾತ್ರ ಗುಡ್ಡೆಯಲ್ಲಿ ಕರಗಿಹೋಗುತ್ತದೆ. ಲಕ್ಕಮ್ಮನ ಪರೀಕ್ಷೆಯಲ್ಲಿ ಅವಳು ಪಾಸು.

ಮೂರನೆಯ ಆಕ್ಷೇಪ ತಟ್ಟೆಯಲ್ಲಿರುವುದರ ಬಗ್ಗೆ. ಎಲ್ಲರೂ ಸಮಾನರು ಎನ್ನುವ ಪಂಕ್ತಿಯಲ್ಲಿ ಬಡಿಸುವುದು ಕೆಲವರ ಊಟವನ್ನು ಮಾತ್ರ. ಸೀಮೆಯ ಬಹಳಷ್ಟು ಮನೆಗಳ ಹಬ್ಬದಡುಗೆ ಬಾಡೂಟ. ಅದಕ್ಕೆ ಇಲ್ಲಿ ಜಾಗವಿಲ್ಲ. ಮಾಂಸ ತಿನ್ನುವವರು ತಮ್ಮದನ್ನು ಹೊರಗಿಟ್ಟು ಬರುತ್ತಾರೆ, ತಿನ್ನದವರು ಏನನ್ನೂ ಬಿಡಬೇಕಿಲ್ಲ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಸಿಖ್ಖರ ಲಂಗರೂ ಹೀಗೆಯೇ, ಎಲ್ಲರೂ ಉಣ್ಣಬಹುದಾದದ್ದನ್ನೇ ಬಡಿಸುತ್ತದೆ. ಅಷ್ಟು ಜನ ಒಟ್ಟಿಗೆ ಕೂರಬೇಕಾದರೆ ಅದೇ ಸುಲಭ ಎಂಬ ಸಮಾಧಾನ ವ್ಯವಹಾರಕ್ಕೆ ಸಾಕು, ನ್ಯಾಯಕ್ಕೆ ಸಾಲದು. ಕೊರತೆಯನ್ನು ಕೊರತೆಯೆಂದೇ ಬರೆದಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಗಟ್ಟಿಯಾದದ್ದು ಅಂಬೇಡ್ಕರ್ ಎತ್ತಿದ ಆಕ್ಷೇಪ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಬರೆದು, ಅಲ್ಲಿ ಓದಲಾಗದೆ 1936ರಲ್ಲಿ ತಾವೇ ಅಚ್ಚು ಹಾಕಿಸಿದ ಭಾಷಣದಲ್ಲಿ ಅವರು ಸಹಭೋಜನದಿಂದ ಜಾತಿ ಸಾಯುವುದಿಲ್ಲ, ಅಂತರ್ಜಾತಿ ವಿವಾಹವೊಂದೇ ನಿಜವಾದ ಮದ್ದು, ಅದಕ್ಕೂ ಮೊದಲು ಶಾಸ್ತ್ರದ ಮೇಲಿನ ನಂಬಿಕೆ ಅಳಿಯಬೇಕು ಎಂದರು. ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ಮಾಡಿಸಿ ಬಹಿಷ್ಕಾರ ಉಂಡಿದ್ದರು. ಊಟ ಕೂಡಿಸುವುದೇ ಕ್ರಾಂತಿಯಾಗಿದ್ದ ಕಾಲ ಅದು. ಆದರೂ ಅಂಬೇಡ್ಕರ್ ಮಾತಿಗೆ ಕಲ್ಯಾಣವೇ ಸಾಕ್ಷಿ. ಮಹಾಮನೆಯಲ್ಲಿ ಎಲ್ಲರೂ ಕೂತು ಉಣ್ಣುವುದನ್ನು ಆ ಊರು ಹೇಗೋ ಸಹಿಸಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಸಹಿಸಲಿಲ್ಲ, ರಕ್ತ ಹರಿಯಿತು. ಅಂದಮೇಲೆ ಜಾತ್ರೆಯಲ್ಲಿ ಒಟ್ಟಿಗೆ ಉಂಡು ಮನೆಗೆ ಹೋಗಿ ಮೊದಲಿನಂತೆಯೇ ಬಾಳುವವರಿಗೆ ದಾಸೋಹ ಒಂದು ರಜೆ ಇದ್ದಂತೆ ಅಲ್ಲವೇ? ಹೌದು, ಹಾಗಾಗುತ್ತದೆ. ಆದರೆ ಈ ಆಕ್ಷೇಪದ ಒಳಗೇ ಒಂದು ಪುರಾವೆ ಸಿಗುತ್ತದೆ. ಮಡಿ-ಮೈಲಿಗೆಯನ್ನು ಪಾಲಿಸುವವರು ಸದಾ ಹೇಳುವ ಸಬೂಬು ‘ಇದು ಹಿರಿಯರಿಂದ ಬಂದದ್ದು, ನಮ್ಮ ಕೈಯಲ್ಲಿಲ್ಲ’ ಎಂಬುದು. ಯಾರ ಕೈಯದೋ ತಿಳಿಯದ ರೊಟ್ಟಿಯನ್ನು ಜನವರಿಯಲ್ಲಿ ಕಣ್ಣಿಗೊತ್ತಿಕೊಂಡು ಉಂಡವನಿಗೆ ಫೆಬ್ರವರಿಯಲ್ಲಿ ಆ ಸಬೂಬು ಹೇಳುವ ಹಕ್ಕಿಲ್ಲ. ದಾಸೋಹ ಜಾತಿಯನ್ನು ಕೊಲ್ಲದೆ ಇರಬಹುದು. ಜಾತಿ ಪಾಲಿಸುವುದು ವಿಧಿಯಲ್ಲ, ಆಯ್ಕೆ ಎಂಬುದನ್ನು ಅದು ವರ್ಷ ವರ್ಷವೂ ರುಜುವಾತು ಮಾಡುತ್ತದೆ.

ಆ ರುಜುವಾತು ಎಷ್ಟು ಬೇಕಾಗಿದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಹೋಟೆಲಿಗೂ ಕ್ಷೌರದಂಗಡಿಗೂ ಪ್ರವೇಶವಿರಲಿಲ್ಲ. ಅದನ್ನು ಪ್ರಶ್ನಿಸಿದ ಮೇಲೆ ಹಬ್ಬಿದ ಹಗೆ 2014ರ ಆಗಸ್ಟ್‌ನಲ್ಲಿ ಗುಡಿಸಲುಗಳಿಗೆ ಬೆಂಕಿ ಇಡುವವರೆಗೆ ಹೋಯಿತು. ಹತ್ತು ವರ್ಷದ ಬಳಿಕ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ ಹೈಕೋರ್ಟಿನಲ್ಲಿ ಮೇಲ್ಮನವಿ, ಜಾಮೀನು ನಡೆದವು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿಹೋಯಿತೆಂದು ಶುದ್ಧಿಯ ಖರ್ಚು ಕೇಳಿದರು. ದುಡ್ಡಿಗೆ ಜಾತಿಯಿಲ್ಲ, ಹೋಟೆಲು ಹೆಚ್ಚಿದರೆ ತಾರತಮ್ಯ ತಾನಾಗಿ ಹೋಗುತ್ತದೆ, ಇದಕ್ಕೆ ಧರ್ಮದ ಮಾತೇಕೆ ಎನ್ನುವವರಿಗೆ ಮರಕುಂಬಿಯೇ ಉತ್ತರ. ಅಲ್ಲಿ ಗಿರಾಕಿಯ ಕೈಯಲ್ಲಿ ದುಡ್ಡಿತ್ತು. ಒಳಗೆ ಬರಲು ಬಿಡಲಿಲ್ಲ. ತುಂಗಭದ್ರೆಯ ದಂಡೆಯ ವಿರೂಪಾಪುರ ಗಡ್ಡೆಯಲ್ಲಿ, 2020ರಲ್ಲಿ ರೆಸಾರ್ಟುಗಳನ್ನು ಕೆಡವುವವರೆಗೆ, ಜಗತ್ತಿನ ಯಾವ ಮೂಲೆಯವರಾದರೂ ಬಂದು ಕೂತು ಉಣ್ಣಬಹುದಿತ್ತು. ಅದೇ ತಾಲೂಕಿನ ಇನ್ನೊಂದು ಊರಿನಲ್ಲಿ ಊರಿನವನೇ ಚಾದಂಗಡಿಯ ಹೊರಗೆ ನಿಲ್ಲಬೇಕಿತ್ತು. ಪೇಟೆಯ ಹೋಟೆಲಿನಲ್ಲೂ ಜಾತ್ರೆಯ ಗದ್ದಲದಲ್ಲೂ ಸಮಾನತೆ ಸುಲಭ, ಏಕೆಂದರೆ ಅಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ಹಳ್ಳಿಯ ಚಾದಂಗಡಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗೊತ್ತಿದ್ದೂ ಕೇಳದಿರುವುದೇ ಚೆನ್ನಯ್ಯನ ಕತೆಯ ತಿರುಳು. ಶಿವನಿಗೆ ಅಂಬಲಿ ಯಾರದೆಂದು ಗೊತ್ತಿತ್ತು.

ಹೀಗಿರುವಾಗ ಸಂವಿಧಾನದ 15ನೇ ವಿಧಿ ಇದೆ, ಅಂಗಡಿ-ಹೋಟೆಲುಗಳ ಪ್ರವೇಶವನ್ನು ಅದು ಹೆಸರಿಟ್ಟು ಹೇಳಿದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆ, ಉಳಿದದ್ದು ಪೊಲೀಸರ ಕೆಲಸ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾನೂನು ಬಾಗಿಲು ತೆರೆಸಬಲ್ಲದು. ಬಾಗಿಲು ತೆರೆಸುವ ಬದಲು ಅಂಗಡಿಯನ್ನೇ ಮುಚ್ಚಿ ಕೂರುವ ಊರುಗಳನ್ನು ಕರ್ನಾಟಕ ಕಂಡಿದೆ. ಇಲ್ಲಿ ಮಠಕ್ಕೆ ಇರುವ ಶಕ್ತಿ ಪೊಲೀಸ್ ಠಾಣೆಗೆ ಇಲ್ಲ. ಹಳ್ಳಿ ಹಳ್ಳಿಯಿಂದ ರೊಟ್ಟಿಯ ಟ್ರ್ಯಾಕ್ಟರು ಹೊರಡುವುದು ಆ ಊರಿನ ಮಾನದ ವಿಷಯ. ಡೊಳ್ಳು ಬಾರಿಸಿ, ಹೂಮಾಲೆ ಹಾಕಿ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಮಠ ಒಂದು ಪ್ರಶ್ನೆ ಕೇಳಬಹುದು: ಈ ರೊಟ್ಟಿಯಲ್ಲಿ ಕೇರಿಯ ಮನೆಗಳ ರೊಟ್ಟಿ ಸೇರಿದೆಯೇ, ನಿಮ್ಮೂರ ಹೋಟೆಲಿನಲ್ಲಿ ಎಷ್ಟು ಬಗೆಯ ಲೋಟ ಇವೆ? ದಾಸೋಹವೆಂದರೆ ಪ್ರಶ್ನೆ ಕೇಳದಿರುವುದು ಎಂದು ನೀವೇ ಹೇಳಿದಿರಲ್ಲ ಎಂದು ಯಾರಾದರೂ ಹಿಡಿದು ಕೇಳಬಹುದು. ಉಣ್ಣುವವನನ್ನು ಕೇಳಬಾರದು, ಬೇಯಿಸಿದವಳನ್ನೂ ಕೇಳಬಾರದು. ಕೊಡುವ ಊರನ್ನು ಕೇಳಬಹುದು. ಅಕ್ಕಿ ಎಲ್ಲಿಂದ ಬಂತು, ಎಷ್ಟು ಬಂತು, ಏಕೆ ಬಂತು ಎಂದು ಲಕ್ಕಮ್ಮ ಕೇಳಿದ್ದು ಕೊಡುವ ಕೈಯನ್ನೇ, ಅದೂ ಸ್ವಂತ ಗಂಡನದು. ಕೇಳಿದರೆ ಕೆಲವು ಟ್ರ್ಯಾಕ್ಟರುಗಳು ಆ ವರ್ಷ ಹೊರಡದೆ ಇರಬಹುದು. ಒಟ್ಟು ಲೆಕ್ಕ ಒಂದೆರಡು ಲಕ್ಷ ಕಡಿಮೆಯಾಗಿ ಪತ್ರಿಕೆಯ ತಲೆಬರಹ ಸಣ್ಣದಾಗಬಹುದು. ಪಂಕ್ತಿಯಲ್ಲಿ ಕೂತವರಿಗೆ ಅರ್ಧ ರೊಟ್ಟಿ ಕಡಿಮೆ ಬಿದ್ದರೂ ಗಂಗಾವತಿಯ ಅಕ್ಕಿಯಿದೆ, ಸಾರು ಇದೆ.